ಸುಂದರಾಬಾಯಿ ಪೈಪು ಬಡಿದರೆ

“ಸಮುದ್ರದ ಆಚಿ ದಂಡಿಗೆ ಒಂದ ಇರುವಿ ಕೆಮ್ಮಿದ್ರೂ ನಾ ಇಲ್ಲಿ ಕುಂತ ಬರಕೋತೀನಿ. ಅದು ಗಂಡಿರುವಿಯೋ ಹೆಣ್ಣಿರುವಿಯೋ ಅದನ್ನೂ ಹೇಳತೀನಿ. ಇಷ್ಟ ವರ್ಷದಾಗ ಮೋರ್ಸಿನೊಳಗ ನಂದು ಒಂದ ಅಕ್ಷರ ತಪ್ಪೈತಿ ಅಂತ ತೋರಸ್ರಿ, ಹೆಸರ ಬದಲಿ ಮಾಡ್ಕೋತೀನಿ!”

ಹೀಗೆಂದು ಸುಂದರಾಬಾಯಿ ಮೇಜು ಗುದ್ದಿದರು. ಬೆಳಗಾವಿಯಲ್ಲಿ ಸೈನಿಕರ ವಸತಿಯಿರುವ ಕ್ಯಾಂಪಿನ ಹಳೆಯ ಬಂಗಲೆಯೊಂದರ ಹಿಂದುಗಡೆ ಹ್ಯಾಮ್ ರೇಡಿಯೋ ಕ್ಲಬ್ಬಿನ ಖೋಲಿ ಇದೆ. ಅದೆಷ್ಟು ಇಕ್ಕಟ್ಟೆಂದರೆ, ಒಳಗೆ ಕೂತವರು ಅಭಿಪ್ರಾಯ ಬದಲಿಸಬೇಕೆಂದರೆ ಹೊರಗೆ ಹೋಗಿ ಬದಲಿಸಿಕೊಂಡು ಬರಬೇಕು. ಅಂಥ ಖೋಲಿಯಲ್ಲಿ ಸುಂದರಾಬಾಯಿಯವರ ದನಿ ಹಿಡಿಸಲಾರದೆ ಕಿಟಕಿಯಿಂದ ಹೊರಬಿದ್ದು, ಸಾಂಬ್ರಾದಲ್ಲಿ ಇಳಿಯಬೇಕಿದ್ದ ವಿಮಾನ ಆಕಾಶದಲ್ಲಿ ಇನ್ನೊಂದು ಸುತ್ತು ಹಾಕಿತು ಎಂದು ಆ ಮೇಲೆ ಜನ ಆಡಿಕೊಂಡರು. ವಿಮಾನದವರನ್ನು ಯಾರೂ ಕೇಳಲಿಲ್ಲ; ಕೇಳಿದ್ದರೆ ಅವರೂ ಇಲ್ಲವೆನ್ನುತ್ತಿರಲಿಲ್ಲ.

ಅಂದಿನ ಜಗಳ ಇಷ್ಟೇ. ಮನೆಯಲ್ಲೇ ರೇಡಿಯೋ ಸೆಟ್ಟು ಇಟ್ಟುಕೊಂಡು ಊರಾಚೆ, ದೇಶದಾಚೆ ಇರುವವರ ಜೊತೆ ಮಾತಾಡುವ ಹವ್ಯಾಸಿಗಳಿಗೆ ಸರಕಾರ ಲೈಸೆನ್ಸ್ ಕೊಡುತ್ತದೆ. ಅದರಲ್ಲಿ ಎರಡು ದರ್ಜೆ. ಕೆಳಗಿನದಕ್ಕೆ ಮೋರ್ಸ್ ಬೇಡ, ಮೈಕ್ ಹಿಡಿದು ಮಾತಾಡಿದರೆ ಸಾಕು. ಮೇಲಿನದಕ್ಕೆ ಮೋರ್ಸ್ ಬರಲೇಬೇಕು: ಗಿಡ್ಡ ಸದ್ದು ಡಿಟ್, ಉದ್ದ ಸದ್ದು ಡಾ, ಇವೆರಡನ್ನೇ ಕೂಡಿಸಿ ಅಕ್ಷರ, ಅಕ್ಷರ ಕೂಡಿಸಿ ಮಾತು. ಕೇಳಿ ಬರೆದು, ಕೀ ಎಂಬ ಒತ್ತುಗುಂಡಿ ಬಡಿದು ಕಳಿಸಿ, ಪಾಸಾಗಬೇಕು. ಈಗಿನ ಕಾಲದಲ್ಲಿ ಇದ್ಯಾಕೆ, ಮೇಲಿನ ದರ್ಜೆಗೂ ಮೋರ್ಸ್ ತೆಗೆದುಹಾಕಿ ಎಂದು ಕ್ಲಬ್ಬಿನ ಪರವಾಗಿ ದಿಲ್ಲಿಗೆ ಬರೆಯೋಣವೋ ಬೇಡವೋ ಎಂಬುದು ಅಂದಿನ ವಿಷಯ.

ತೆಗೆಯಬೇಕು ಎನ್ನುವವರ ಮುಂದಾಳು ಕಲ್ಮೇಶ, ಬೆಳಗಾವಿ–ಖಾನಾಪುರ ಬಸ್ಸಿನ ಕಂಡಕ್ಟರು. ಅವನು “ಹಿಂದ ಸರೀರಿ” ಎಂದರೆ ಅವನ ಬಸ್ಸಿನವರಷ್ಟೇ ಅಲ್ಲ, ಹಿಂದೆ ಬರುವ ಬಸ್ಸಿನವರೂ ಸರಿಯುತ್ತಾರೆ. ಕೆಳಗಿನ ದರ್ಜೆಯ ಲೈಸೆನ್ಸ್ ಅವನಿಗೆ ಎಂದೋ ಸಿಕ್ಕಿತ್ತು. ಮೇಲಿನದಕ್ಕೆ ಹೋದಾಗಲೆಲ್ಲ ಮೋರ್ಸಿನಲ್ಲಿ ಮುಗ್ಗರಿಸಿದ್ದ. ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿಗೆ ಬಸ್ಸು ಹೋಗುವಷ್ಟು ಹೊತ್ತು ಅವನಿಗೆ ಒಂದು ಅಕ್ಷರಕ್ಕೆ ಬೇಕು.

“ಕಾಕೂ, ನಿಮ್ಮ ಮ್ಯಾಲ ನನಗ ಭಾಳ ಗೌರವ ಐತ್ರಿ,” ಎಂದ ಕಲ್ಮೇಶ. “ಆದ್ರ ಮಾತಾಡಾಕ ದೇವರು ಬಾಯಿ ಕೊಟ್ಟಾನ. ಬಾಯಿ ಬಿಟ್ಟು ಬೆರಳಲೇ ಯಾಕ ಮಾತಾಡಬೇಕ್ರಿ?”

“ಬಾಯಿ ಕೊಟ್ಟಾನ ಅಂತ ಎಲ್ಲಾರೂ ಹಾಡತಾರೇನೋ?” ಎಂದರು ಸುಂದರಾಬಾಯಿ. “ಮೋರ್ಸ್ ಬರಲಾರದವಗ ಮೇಲಿನ ಲೈಸೆನ್ಸ್ ಕೊಡೂದಂದ್ರ, ಈಜಾಕ ಬರಲಾರದವನ್ನ ಮಲಪ್ರಭಾದಾಗ ದೂಡಿ ಆರಾಮ ಹೋಗಿ ಬಾರಪಾ ಅಂದಂಗ!”

ಮಾತು ಚೆನ್ನಾಗಿತ್ತು. ಕೆಲವರು ಚಪ್ಪಾಳೆ ತಟ್ಟಿದರು. ಆದರೆ ಸುಂದರಾಬಾಯಿಯವರ ಎದೆಯೊಳಗಿನ ಮಾತು ಇದಾಗಿರಲಿಲ್ಲ. ಅದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅವರ ತವರು ಇದೇ ಕ್ಯಾಂಪು. ತಂದೆ ಜೈನ ವ್ಯಾಪಾರಿ, ಬ್ಯಾರಕ್ಕುಗಳ ಬಾಜೂಕ ಕಿರಾಣಿ ಅಂಗಡಿ. ಅಂಗಡಿಯ ಕಟ್ಟೆಯ ಮೇಲೆ ಒಬ್ಬ ನಿವೃತ್ತ ಹವಾಲ್ದಾರರು ದಿನಾ ಬಂದು ಕೂರುತ್ತಿದ್ದರು. ಸೈನ್ಯದಲ್ಲಿ ತಂತಿ ಬಡಿದು ಬಡಿದು ಅವರ ಬೆರಳುಗಳು ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ಬಿಸ್ಕೀಟಿನ ಡಬ್ಬಿಯ ಮುಚ್ಚಳದ ಮೇಲೆ ಟಿಕಟಿಕ ಎನ್ನುತ್ತಲೇ ಇರುತ್ತಿದ್ದವು. ಲಂಗದ ಹುಡುಗಿ ಸುಂದರಾ ಎದುರಿಗೆ ಇನ್ನೊಂದು ಡಬ್ಬಿ ಇಟ್ಟುಕೊಂಡು ಕುಳಿತಳು. ವರ್ಷ ತುಂಬುವುದರೊಳಗೆ ಇಬ್ಬರೂ ಬಾಯಿ ಬಿಚ್ಚದೆ ಕ್ಯಾಂಪಿನ ಎಲ್ಲರನ್ನೂ ಬೈಯುವಷ್ಟು ಪ್ರವೀಣರಾದರು. ಆ ಅಂಗಡಿಯ ಬಿಸ್ಕೀಟು ಮಾತ್ರ ಎಂದೂ ಇಡಿಯಾಗಿ ಯಾರ ಮನೆಗೂ ಮುಟ್ಟಲಿಲ್ಲ.

ಮುಂದೆ ಖಾನಾಪುರ ಪೇಟೆಯ ಪಾತ್ರೆ ಅಂಗಡಿಯ ಉತ್ತಮ ಎಂಬವರಿಗೆ ಕೊಟ್ಟು ಲಗ್ನವಾಯಿತು. ಕೆಳಗೆ ಅಂಗಡಿ, ಮೇಲೆ ಮನೆ. ಸುಂದರಾಬಾಯಿ ಲೈಸೆನ್ಸ್ ತೆಗೆದರು, ಸೆಟ್ಟು ಕೂಡಿಸಿದರು, ಮಾಳಿಗೆಯ ಮೇಲೆ ಒಂದು ಕಂಬ ನಿಲ್ಲಿಸಿದರು. ಅದರ ತುದಿಯಲ್ಲಿ ಕೂತ ಕಾಗೆಗೆ ಗೋವಾದ ಸಮುದ್ರ ಕಾಣುತ್ತದಂತೆ. ತಲೆ ತಿರುಗಿ ಬಿದ್ದ ಕಾಗೆಗಳೂ ಉಂಟು. ಖಾನಾಪುರದ ಸೊಸೆಯರು ಆಚೆ ಓಣಿಯ ಸುದ್ದಿ ಹೇಳುತ್ತಿದ್ದಾಗ ಈಕೆ ಜಪಾನಿನ ಸುದ್ದಿ ಹೇಳುತ್ತಿದ್ದರು.

ಉತ್ತಮ ಅವರಿಗೆ ಮೋರ್ಸಿನ ಗಂಧವಿಲ್ಲ. ಆದರೆ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು ಎಂಬುದು ಆ ಮನೆಯ ಧರ್ಮ. ಗಿರಾಕಿ ಗದ್ದಲದಲ್ಲಿ ಕೂಗಿದರೆ ಕೇಳದು. ಮೇಲಿನ ನೀರಿನ ಟಾಕಿಯಿಂದ ಅಡುಗೆಮನೆ ಹಾಯ್ದು ಅಂಗಡಿಗೆ ಇಳಿಯುವ ಒಂದು ಕಬ್ಬಿಣದ ಪೈಪು ಇದೆ. ಸುಂದರಾಬಾಯಿ ಸವಟಿನಿಂದ ಆ ಪೈಪು ಬಡಿಯುತ್ತಾರೆ. ಕೆಳಗೆ ಉತ್ತಮ ಪೈಪಿನ ಮೇಲೆ ಕೈಯಿಟ್ಟು ತಿಳಿದುಕೊಳ್ಳುತ್ತಾರೆ. ಅವರಿಗೆ ಗೊತ್ತಿರುವುದು ಎರಡೇ ಸುದ್ದಿ. ಒಂದು, “ಊಟಕ್ಕೆ ಬರ್ರಿ.” ಇನ್ನೊಂದು, “ಊಟ ಆರಿ ಹೋತು, ಬೈಸಿಕೊಳ್ಳಾಕ ಬರ್ರಿ.” ಚೌಕಾಶಿಯ ನಡುವೆ ಪೈಪು ಸದ್ದು ಮಾಡಿದರೆ ಗಿರಾಕಿಗಳೇ ಹೆದರಿ, “ಸಾಹುಕಾರ್ರ, ನೀವು ಹೇಳಿದ ರೇಟಿಗೇ ಕೊಡ್ರಿ, ಮದಲ ಮ್ಯಾಲ ಹೋಗ್ರಿ” ಎನ್ನುತ್ತಿದ್ದರು.

ಎಲ್ಲ ಸುಖವಾಗಿಯೇ ಇತ್ತು. ಆದರೆ ಈಚೆಗೆ ಸುಂದರಾಬಾಯಿಯವರ ಕಿವಿ ಕೈಕೊಡತೊಡಗಿತು. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ರೇಡಿಯೋದಲ್ಲಿ ಯಾರಾದರೂ ಮಾತಾಡಿದರೆ ಮಾತೆಲ್ಲ ಕಲಸಿದ ಹಿಟ್ಟಾಗಿ ಬರುತ್ತದೆ. ಬೆಳಗಾವಿಯ ಡಾಕ್ಟರು ಕಿವಿಗೊಂದು ಮಷೀನು ಕೊಟ್ಟರು. ಸೆಟ್ಟಿನ ಮುಂದೆ ಅದನ್ನು ಹಾಕಿಕೊಂಡರೆ ಕುಕ್ಕರಿನ ಸೀಟಿಯಂತೆ ಕಿರಿಚುತ್ತದೆ. ಅದನ್ನು ಲವಂಗದ ಡಬ್ಬಿಯಲ್ಲಿಟ್ಟು ಮುಚ್ಚಿದರು. ನಿಚ್ಚಳವಾಗಿ ಉಳಿದದ್ದು ಮೋರ್ಸ್ ಒಂದೇ. ಡಿಟ್ ಅಂದರೆ ಡಿಟ್, ಡಾ ಅಂದರೆ ಡಾ.

ಹೆದರಿಕೆ ಇದ್ದದ್ದು ಇಲ್ಲಿ. ಕಡ್ಡಾಯ ತೆಗೆದರೆ ಹೊಸಬರು ಯಾರೂ ಮೋರ್ಸ್ ಕಲಿಯುವುದಿಲ್ಲ. ಯಾರೂ ಕಲಿಯದಿದ್ದರೆ ಒಂದು ದಿನ ತಾನು ಕೀ ಬಡಿದಾಗ ಆ ಕಡೆಯಿಂದ ಉತ್ತರಿಸುವವರೇ ಇರುವುದಿಲ್ಲ. ಜಪಾನಿನ ತನಕ ಹರಡಿದ್ದ ಮನೆ ಮತ್ತೆ ನಾಲ್ಕು ಗೋಡೆಗೆ ಬಂದು ನಿಲ್ಲುತ್ತದೆ. ಕಿವಿಯ ವಿಷಯ ಗೊತ್ತಿದ್ದದ್ದು ಉತ್ತಮ ಒಬ್ಬರಿಗೆ. ಉಳಿದವರ ಮುಂದೆ ಸುಂದರಾಬಾಯಿ ಒಂದು ಉಪಾಯ ಮಾಡಿದ್ದರು: ಎದುರಿಗಿದ್ದವರು ಅರ್ಧ ಹೇಳುವುದರೊಳಗೆ ತುಟಿ ನೋಡಿ, ಮುಖ ನೋಡಿ, ಉಳಿದರ್ಧ ತಾವೇ ಹೇಳಿಬಿಡುವುದು. ಬಹಳ ಸಲ ಸರಿಯೇ ಇರುತ್ತಿತ್ತು. ಜನ, “ಕಾಕು ಭಾರಿ ಶಾಣ್ಯಾ, ಮನಸಿನಾಗಿಂದು ಹೇಳತಾಳ” ಎಂದು ಬೆರಗಾಗುತ್ತಿದ್ದರು. ತಪ್ಪಿದಾಗ ಆಕೆಯ ದನಿಗೆ ಹೆದರಿ ತಮ್ಮದೇ ಮಾತನ್ನು ತಿದ್ದಿಕೊಳ್ಳುತ್ತಿದ್ದರು.

ಈಗ ಮತ್ತೆ ಕ್ಯಾಂಪಿನ ಖೋಲಿಗೆ. ಕ್ಲಬ್ಬಿನ ಕಾರ್ಯದರ್ಶಿ ಪ್ರಾಚಿ, ಬೆಳಗಾವಿಯ ಕಾಲೇಜೊಂದರಲ್ಲಿ ಪಾಠ ಹೇಳುವಾಕೆ. ಮೇಲಿನ ಲೈಸೆನ್ಸ್ ಇದ್ದಾಕೆ. ಇರುವೆಯ ಕೆಮ್ಮಿನವರೆಗೆ ಬಂದ ಜಗಳವನ್ನು ಇಳಿಸಲು ಆಕೆ ಎಂದಳು, “ಹಂಗಾದ್ರ ಸರಕಾರದ ಪರೀಕ್ಷಾ ಎಷ್ಟ ಬಿರಸ ಐತಿ ಅಂತ ಎಲ್ಲಾರೂ ನೋಡೂಣು. ಕಂಪ್ಯೂಟರಿನ್ಯಾಗ ಅದ ಸ್ಪೀಡ್ ಇಟ್ಟು ನಾಕ ಸಾಲ ಕೇಳಸತೀನಿ, ಬರೀರಿ.”

“ಇಡ್ರಿ! ಮದಲ ನಾನ ಕುಂದರತೀನಿ,” ಎಂದು ಸುಂದರಾಬಾಯಿ ಸೆರಗು ಸಿಕ್ಕಿಸಿದರು. “ಕಲ್ಮೇಶಾ, ಬಾಜೂಕ ಕುಂದ್ರು. ನನ್ನ ನೋಡಿ ಕಾಪಿ ಹೊಡಿ, ಪುಣ್ಯಾ ಬರತೈತಿ.”

ಕಂಪ್ಯೂಟರು ಶುರುಮಾಡಿತು. ಇಲ್ಲೇ ಎಡವಟ್ಟಾದದ್ದು. ಪರೀಕ್ಷೆಯ ವೇಗ ಹೊಸಬರಿಗೆ ಇಟ್ಟದ್ದು, ಎಳೆಮಗುವಿಗೆ ತುತ್ತು ಕೊಟ್ಟ ಹಾಗೆ. ಸುಂದರಾಬಾಯಿಯವರ ರೂಢಿಯ ವೇಗವೋ, ಬೇರೆಯವರಿಗೆ ಅದು ಬಟ್ಟೆ ಹರಿದ ಸದ್ದಿನಂತೆ ಕೇಳಬೇಕು. ಅಷ್ಟು ಓಡುವ ಕಿವಿಗೆ ಈ ನಡಿಗೆ ತಡೆದುಕೊಳ್ಳಲಾಗಲಿಲ್ಲ. ಒಂದು ಡಾ ಬಂದು ಇನ್ನೊಂದು ಬರುವುದರೊಳಗೆ ಅವರ ಮನಸ್ಸು ಮಾತನ್ನು ಪೂರ್ತಿ ಕಟ್ಟಿ, ಚುಕ್ಕೆ ಇಟ್ಟು, ಮುಂದಿನ ಮಾತಿಗೆ ಹೋಗಿರುತ್ತಿತ್ತು. ಅವರು ಬರೆದದ್ದು ಬಂದದ್ದನ್ನಲ್ಲ, ಬರಬೇಕಾದದ್ದನ್ನು.

ಪ್ರಾಚಿ ಕಾಗದ ನೋಡಿದಳು. ಮತ್ತೆ ನೋಡಿದಳು. ತುಟಿ ಕಚ್ಚಿಕೊಂಡಳು.

“ಏನಾತು?”

“ಕಾಕು... ಕಂಪ್ಯೂಟರು ಕಳಿಸಿದ್ದು, ಲಗ್ನದ ಊಟ ಚಲೋ ಆತು, ಬೀಗರು ಸಂತೋಷದಿಂದ ಊರಿಗೆ ಹೋದರು ಅಂತ.”

“ನಾ ಏನ ಬರದೀನಿ?”

“ಬೀಗರು ಸಿಟ್ಟಾಗಿ ಉಣ್ಣದೇ ಹೋದರು ಅಂತ ಬರದೀರಿ.”

ಖೋಲಿಯೊಳಗೆ ಎದ್ದ ನಗುವಿಗೆ ಗೋಡೆಯ ಸುಣ್ಣ ಉದುರಿತು. ಸುಂದರಾಬಾಯಿ “ಬೀಗರು ಸಂತೋಷಲೇ ಹೋದ ಲಗ್ನಾ ಯಾ ಊರಾಗ ನೋಡೀರಿ? ತಪ್ಪಿದ್ದು ಕಂಪ್ಯೂಟರು!” ಎಂದರು. ನಗು ಇನ್ನೂ ಹೆಚ್ಚಾಯಿತು. ಕಲ್ಮೇಶ ಮಾತ್ರ ನಗಲಿಲ್ಲ. ಪರೀಕ್ಷೆಯಲ್ಲಿ ಬೀಳುವುದು ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. “ಹೋಗ್ಲಿ ಬಿಡ್ರಿ ಕಾಕು,” ಎಂದು ಮೆಲ್ಲಗೆ ಅಂದ. ಸುಂದರಾಬಾಯಿಗೆ ಅದು ಕೇಳಿಸಲಿಲ್ಲ. ಮುಖ ನೋಡಿ ಅರ್ಥವಾಯಿತು. ಅದೇ ಹೆಚ್ಚು ಚುಚ್ಚಿತು.

ಖಾನಾಪುರದ ಹೊರಗಿನ ಕಾಡಿನ ದಾರಿಯಲ್ಲಿ ಸೈಕಲ್ ರೇಸೊಂದು ಬರುವುದಿತ್ತು, ಕ್ಲಬ್ಬಿನವರು ಅದಕ್ಕೆ ರೇಡಿಯೋ ಸೇವೆ ಒಪ್ಪಿಕೊಂಡಿದ್ದರು. ಅದು ಮುಗಿದ ಮೇಲೆ ಮತ ಹಾಕೋಣವೆಂದು ಸಭೆ ಎದ್ದಿತು. ಮತ ಯಾವ ಕಡೆ ಬೀಳುತ್ತದೆ ಎಂಬುದು ಖೋಲಿಯ ಹಲ್ಲಿಗೂ ತಿಳಿದಿತ್ತು.

ಮನೆಗೆ ಬಂದ ಸುಂದರಾಬಾಯಿ ಹಿತ್ತಾಳೆಯ ಕೀ ಮೇಲೆ ಒಂದು ಬಟ್ಟೆ ಹೊದಿಸಿದರು. ಆ ವಾರ ಪೈಪು ಕೂಡ ಸದ್ದು ಮಾಡಲಿಲ್ಲ. ಉತ್ತಮ ಹೊತ್ತು ನೋಡಿಕೊಂಡು ತಾವಾಗಿಯೇ ಮೇಲೆ ಬಂದು ಉಂಡು ಹೋದರು. ಖಾನಾಪುರ ಪೇಟೆಯಲ್ಲಿ ಪಾತ್ರೆಗಳ ರೇಟು ಇಳಿಯಿತು, ಗಿರಾಕಿಗಳನ್ನು ಹೆದರಿಸುವವರು ಇರಲಿಲ್ಲವಲ್ಲ.

ಕೊನೆಗೆ ಉತ್ತಮ ಅವರೇ ಕೇಳಿದರು, “ಸುಂದರಾ, ಪೈಪ್ ಯಾಕ ಬಡಿಯವಲ್ಲಿ?”

“ಬಡದ್ರೇನು, ಬಿಟ್ರೇನು. ನೀವು ಹೊತ್ತಿಗೆ ಬರತೀರಿ.” ಆಮೇಲೆ ಏನೋ ನೆನಪಾಗಿ ಆಕೆ ಕೇಳಿದರು, “ಅಲ್ರೀ, ನನ್ನ ಎರಡೂ ಸುದ್ದಿ ಶುರು ಆಗೂದು ಒಂದ ನಮೂನಿ. ಊಟಕ್ಕ ಕರದೀನೋ ಬೈಯಾಕ ಕರದೀನೋ ಅಂತ ನಿಮಗ ಹೆಂಗ ತಿಳೀತದ?”

“ಪೈಪಿನ ಮ್ಯಾಲಿನ ಕೈ ತಗಿಯಂಗಿಲ್ಲ ನಾ,” ಎಂದರು ಉತ್ತಮ, ಅವರಿಗೆ ಕಾಣುವಂತೆ ಮುಖ ತಿರುಗಿಸಿ ನಿಧಾನವಾಗಿ. “ಪೂರಾ ಆಗೂತನಾ ಕಾಯತೀನಿ. ನಡುವ ಅಂದಾಜ ಮಾಡಿದ್ರ ನನ್ನ ಗತಿ ಏನಾಕ್ಕಿತ್ತು? ಬೈಸಿಕೊಳ್ಳಾಕ ನಕ್ಕೋತ ಬರತಿದ್ದೆ.”

ಸುಂದರಾಬಾಯಿ ನಕ್ಕರು. ನಗುತ್ತಿದ್ದಂತೆಯೇ ಅವರಿಗೊಂದು ಮಾತು ಹೊಳೆಯಿತು. ಇಷ್ಟು ವರ್ಷ ತನ್ನ ಕಡೆಯಿಂದ ಬರೀ ಎರಡು ಸುದ್ದಿ ಕಲಿತ ಮನುಷ್ಯ, ಆ ಎರಡನ್ನೂ ಕೊನೆಯ ಬಡಿತದವರೆಗೆ ಕೇಳಿದ್ದಾನೆ. ತಾನು ಯಾರ ಮಾತನ್ನು ಕೊನೆಯವರೆಗೆ ಕೇಳಿ ಎಷ್ಟು ದಿನವಾಯಿತು?

ರೇಸಿನ ಭಾನುವಾರ ಬಂತು. ಖಾನಾಪುರದಿಂದ ಹೊರಟು ಕಾಡಿನ ರಸ್ತೆಯಲ್ಲಿ ಜಾಂಬೋಟಿಗೆ ಹೋಗಿ ಹೊರಳಿ ಬರುವ ಸ್ಪರ್ಧೆ. ಒಂದು ಆಂಬುಲೆನ್ಸ್ ಖಾನಾಪುರದಲ್ಲಿ, ಇನ್ನೊಂದು ಜಾಂಬೋಟಿಯಲ್ಲಿ. ನಡುವಿನ ತಗ್ಗಿನಲ್ಲಿ ಮೊಬೈಲು ಸತ್ತು ಬಿದ್ದಿರುತ್ತದೆ. ಆದ್ದರಿಂದ ಅಲ್ಲಿ ಸೆಟ್ಟು, ಬ್ಯಾಟರಿ, ಡಜನ್ ಬಾಳೆಹಣ್ಣುಗಳೊಂದಿಗೆ ಕಲ್ಮೇಶ ಕುಳಿತಿದ್ದ. ಅವನ ಸುದ್ದಿ ಹಿಡಿಯುವಷ್ಟು ಎತ್ತರದ ಕಂಬ ಇದ್ದದ್ದು ಸುಂದರಾಬಾಯಿಯವರ ಮಾಳಿಗೆಯ ಮೇಲೆ ಮಾತ್ರ. ಹೀಗಾಗಿ ಪ್ರಾಚಿ ಬೆಳಿಗ್ಗೆಯೇ ಬಂದು ಅವರ ಸೆಟ್ಟಿನ ಮುಂದೆ ಮೈಕ್ ಹಿಡಿದು ಕೂತಳು. ಸುಂದರಾಬಾಯಿ, “ಮಾತಿನ ಮಂದಿ ಮಾತಾಡ್ರಿ, ನಾ ಉಪ್ಪಿಟ್ಟ ಮಾಡತೀನಿ” ಎಂದು ಅಡುಗೆಮನೆ ಸೇರಿದರು.

ಮೊದಮೊದಲು ಎಲ್ಲ ಸರಾಗ. ಕಲ್ಮೇಶನ ದನಿ ಸೆಟ್ಟಿನಿಂದ ಬಂದರೆ ಶೆಲ್ಫಿನ ಮೇಲಿನ ಪಾತ್ರೆ ಅಲುಗುತ್ತಿದ್ದವು. ಸವಾರರು ಹಾಯ್ದು ಹೋಗುತ್ತಿರುವುದನ್ನು ಅವನು ಬಸ್ಸಿನ ಸ್ಟಾಪು ಕೂಗಿದಂತೆ ಕೂಗುತ್ತಿದ್ದ. ಒಮ್ಮೆಲೇ ದನಿ ಬದಲಾಯಿತು: “ಪ್ರಾಚಿ ಮೇಡಮ್ಮಾರ, ಇಲ್ಲಿ ದೊಡ್ಡ ಸಪ್ಪಳ ಆತ್ರಿ, ತಡೀರಿ, ನೋಡಿ ಬರತೀನಿ.” ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, “ಲೇ, ಲೇ! ಬಿಡಲೇ! ಬಿಡ ಅಂದ್ರ!” ಎಂಬ ಕೂಗು, ಏನೋ ಹರಿದ ಸದ್ದು, ಅಷ್ಟೇ.

ಪ್ರಾಚಿ ಕರೆದಳು, ಉತ್ತರವಿಲ್ಲ. ಸಣ್ಣ ಸದ್ದೂ ತಪ್ಪಬಾರದೆಂದು ಸೆಟ್ಟನ್ನು ಪೂರ್ತಿ ಏರಿಸಿದಳು. ಯಾರೂ ಮಾತಾಡದಿದ್ದಾಗ ಬರುವ ಗೊರಗೊರ ಸದ್ದು ಖೋಲಿ ತುಂಬಿತು. ಆ ಗೊರಗೊರ ಆಗಾಗ ತಟಕ್ಕನೆ ನಿಂತು ಮತ್ತೆ ಬರುತ್ತಿತ್ತು.

ಸುಂದರಾಬಾಯಿ ಉಪ್ಪಿಟ್ಟಿನ ತಾಟು, ಚಮಚ ತಂದು ಇಡಲು ಜಾಗವಿಲ್ಲದೆ ಸ್ಪೀಕರ್ ಡಬ್ಬಿಯ ಮೇಲೆಯೇ ಇಟ್ಟರು. “ಯಾಕ? ಏನಾತು?”

“ಕಲ್ಮೇಶನ ಸೆಟ್ಟು ಕೆಟ್ಟೈತಿ ಕಾಕು. ಏನೋ ಲೂಜ್ ಕನೆಕ್ಷನ್. ಬರೇ ಗೊರಗೊರ, ಅದೂ ಹರಕ ಹರಕ.”

ಸುಂದರಾಬಾಯಿಗೆ ಗೊರಗೊರವೂ ನೆಟ್ಟಗೆ ಕೇಳುತ್ತಿರಲಿಲ್ಲ. ಆದರೆ ಅವರು ತಾಟಿನಿಂದ ಕೈ ತೆಗೆದಿರಲಿಲ್ಲ. ಸ್ಟೀಲಿನ ತಾಟು ನಡುಗುತ್ತಿತ್ತು, ಚಮಚ ಅದರ ಅಂಚಿಗೆ ತಾಗಿ ಕುಣಿಯುತ್ತಿತ್ತು. ಕುಣಿದು ನಿಂತಿತು. ಮತ್ತೆ ಕುಣಿಯಿತು. ನಿಂತಿತು, ಈ ಸಲ ಉದ್ದಕ್ಕೆ ನಿಂತಿತು. ಪಾತ್ರೆ ಅಂಗಡಿಯ ಸೊಸೆಗೆ ತಾಟಿನ ನಡುಕ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು?

“ಲೂಜ್ ಕನೆಕ್ಷನ್ ಅಲ್ಲವಾ!” ಎಂದು ಕೂಗಿದರು. “ಮಾತು ಸದ್ದಿನ್ಯಾಗಿಲ್ಲ, ಸುಮ್ಮನಿರೂದ್ರಾಗ ಐತಿ! ಗಿಡ್ಡ ಸುಮ್ಮನಾದ್ರ ಡಿಟ್ಟು, ಉದ್ದ ಸುಮ್ಮನಾದ್ರ ಡಾ. ಆಂವಾ ಮೋರ್ಸ್ ಕಳಸಾಕತ್ತಾನ!”

ಪ್ರಾಚಿಗೆ ನಂಬಿಕೆಯಾಗಲಿಲ್ಲ. ಆಕೆ ಮೋರ್ಸ್ ಪಾಸಾದವಳೇ. ಆದರೆ ಪಾಸಾದ ಸಂಜೆಯೇ ಮರೆತವಳು. ಪಾಸಾದ ಮೇಲೆ ಯಾರು ನೆನಪಿಟ್ಟುಕೊಳ್ಳುತ್ತಾರೆ? ಅಷ್ಟೂ ಅಕ್ಷರ ಇನ್ನೂ ತಲೆಯಲ್ಲಿ ಇದ್ದದ್ದು ಮತ್ತೆ ಮತ್ತೆ ಫೇಲಾಗಿ ಮತ್ತೆ ಮತ್ತೆ ಓದಿದ ಕಲ್ಮೇಶನಿಗೇ.

ಸುಂದರಾಬಾಯಿ ಪ್ರಾಚಿಯ ಕೈಯಿಂದ ಮೈಕ್ ಕಸಿದರು. ಈ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಬೈದಿದ್ದ ಅದೇ ಮೈಕು. ಅವನ ಮಾತು ಇಲ್ಲಿಗೆ ಬಾರದಿದ್ದರೂ ಇಲ್ಲಿನ ಮಾತು ಅವನಿಗೆ ಕೇಳಬಹುದಲ್ಲ. “ಕಲ್ಮೇಶಾ, ನಾ ಸುಂದರಾ ಕಾಕು. ಮದಲಿಂದ ಕಳಸು. ಅವಸರ ಬ್ಯಾಡ. ನೀ ಎಷ್ಟ ಸಾವಕಾಶ ಕಳಸಿದ್ರೂ ನಾ ಎಲ್ಲೂ ಹೋಗಂಗಿಲ್ಲ.”

ಅವನು ಕಳಿಸತೊಡಗಿದ. ಎಷ್ಟು ನಿಧಾನವೆಂದರೆ, ಒಂದು ಅಕ್ಷರ ಮುಗಿಯುವುದರೊಳಗೆ ಒಲೆಯ ಮೇಲೆ ಒಂದು ಚಪಾತಿ ಬೆಂದು ಎರಡನೆಯದು ಸೀದು ಹೋಗಬಹುದಿತ್ತು. ಸರಕಾರದ ಪರೀಕ್ಷೆಯ ವೇಗ ಇದರ ಮುಂದೆ ಕುದುರೆ ಓಟ. ಸುಂದರಾಬಾಯಿಯವರ ಮನಸ್ಸು ಹಗ್ಗ ಹರಿದ ಕರುವಿನಂತೆ ಮುಂದೆ ಮುಂದೆ ಜಿಗಿಯುತ್ತಿತ್ತು. ಅವರು ಎರಡೂ ಅಂಗೈ ತಾಟಿಗೆ ಒತ್ತಿ, ಕಣ್ಣು ಮುಚ್ಚಿ, ಪೈಪಿನ ಮೇಲೆ ಕೈಯಿಟ್ಟು ನಿಂತ ಗಂಡನನ್ನು ನೆನೆಸಿಕೊಂಡರು. ಬಂದ ಒಂದೊಂದೇ ಅಕ್ಷರವನ್ನು ಬಾಯಿಬಿಟ್ಟು ಹೇಳಿದರು, ಪ್ರಾಚಿ ಬರೆದಳು.

ಲಾರಿ ಉರುಳಿದೆ. ಸವಾರನ ತೊಡೆ ಮುರಿದು ರಕ್ತ. ಆಂಬುಲೆನ್ಸ್ ಕಳಿಸಿ.

ಅಷ್ಟು ಬಂದೊಡನೆ ಪ್ರಾಚಿ ಫೋನಿಗೆ ಕೈ ಹಾಕಿದಳು. “ಖಾನಾಪುರದ ಗಾಡಿ ಇಲ್ಲೇ ಪೇಟೆ ಮುಂದ ನಿಂತೈತಿ ಕಾಕು, ಈಗ ಬಿಡಸತೀನಿ!”

ಹಳೆಯ ಸುಂದರಾಬಾಯಿಯಾಗಿದ್ದರೆ ತಾವೇ ಕಿಟಕಿಗೆ ಹೋಗಿ ಡ್ರೈವರನಿಗೆ ಕೂಗುತ್ತಿದ್ದರು. ಈಗ ಒಂದು ಕೈ ತಾಟಿನ ಮೇಲೆಯೇ ಇಟ್ಟು, ಇನ್ನೊಂದರಿಂದ ಪ್ರಾಚಿಯ ಮಣಿಕಟ್ಟು ಹಿಡಿದರು. “ನಿಂದ್ರು. ತಾಟಿನ್ನೂ ಪೂರಾ ಮಾತಾಡಿಲ್ಲ.”

“ಕಾಕು, ರಕ್ತಾ ಹೋಗಾಕತ್ತೈತಿ ಅಂತ!”

“ನಿಂದ್ರ ಅಂದ್ನಿ.”

ಚಮಚ ಕುಣಿಯಿತು, ನಿಂತಿತು. ಕುಣಿಯಿತು, ನಿಂತಿತು. ಉಳಿದದ್ದು ಬಂತು: ಖಾನಾಪುರ ಕಡೆಯಿಂದ ಬೇಡ. ಲಾರಿ ರಸ್ತೆಗೆ ಅಡ್ಡ. ಜಾಂಬೋಟಿ ಗಾಡಿ ಕಳಿಸಿ.

ಚಮಚ ಮತ್ತೆ ನಿಲ್ಲದೆ ಕುಣಿಯತೊಡಗಿದ ಮೇಲೆಯೇ ಅವರು ಕೈ ಬಿಟ್ಟದ್ದು. “ಈಗ ಮಾಡು ಫೋನು.”

ಜಾಂಬೋಟಿಯಲ್ಲಿ ಫೋನು ಹತ್ತಿತು. ಅಲ್ಲಿನ ಗಾಡಿ ಆ ಕಡೆಯಿಂದ ಇಳಿದು, ಸವಾರನನ್ನು ಎತ್ತಿಕೊಂಡು, ಬಂದ ದಾರಿಯಲ್ಲೇ ಜಾಂಬೋಟಿ ಹಾಯ್ದು ಬೆಳಗಾವಿಗೆ ಮುಟ್ಟಿಸಿತು. ಖಾನಾಪುರದ ಗಾಡಿ ಹೋಗಿದ್ದರೆ ಲಾರಿಯ ಈಚೆಗೆ ನಿಂತು ಸೈರನ್ನು ಊದುತ್ತಿತ್ತು, ಅಷ್ಟೇ. ಆಸ್ಪತ್ರೆಯ ಡಾಕ್ಟರು ಹೇಳಿದರು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು.

ಮಧ್ಯಾಹ್ನ ಕಲ್ಮೇಶ ಮಣ್ಣು ಮೆತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ತುದಿ ಹರಿದ ವೈರು.

“ಮೈಕ್ ಎಲ್ಲೋ?” ಎಂದು ಕೇಳಿದರು ಸುಂದರಾಬಾಯಿ.

“ಮಂಗ್ಯಾ ಒಯ್ತರಿ ಕಾಕು. ಲಾರಿ ನೋಡಾಕ ಹೋಗಿ ಬರೂದ್ರಾಗ ಬಾಳಿಹಣ್ಣಿಗೆ ಬಂದಿತ್ತು, ಹಣ್ಣ ಬಿಟ್ಟು ಮೈಕ್ ಕಿತಗೊಂಡು ಗಿಡಾ ಹತ್ತಿತು. ಮ್ಯಾಲ ಕುಂತು ಬಾಯಿಗೆ ಹಿಡಕೊಂಡು ಗುರ್ ಅಂತಿತ್ತು. ನನಗಿಂತಾ ಚಲೋ ಮಾತಾಡತೈತಿ ಅನಸ್ತು.” ಅವನು ವೈರಿನ ಎರಡು ತುದಿ ಮುಟ್ಟಿಸಿ ತೋರಿಸಿದ. “ಇವೆರಡೂ ಕೂಡಿಸಿದ್ರ ಮೈಕಿನ ಗುಂಡಿ ಒತ್ತಿದಂಗ, ನಿಮ್ಮ ಕಡೆ ಗೊರಗೊರ ನಿಂದರತೈತಿ. ಬಿಟ್ರ ಬಿಟ್ಟಂಗ. ಬಸ್ಸಿನ್ಯಾಗ ಒಂದ ಗಂಟಿ ಹೊಡದ್ರ ನಿಂದ್ರು, ಎರಡ ಹೊಡದ್ರ ನಡಿ. ಅದ ನೆಪ್ಪಾತು ನೋಡ್ರಿ. ಆದ್ರ ಯಾರರ ಕೇಳಾಕತ್ತಾರೋ ಇಲ್ಲೋ ಅಂತ ಜೀವಾ ಹೋಗಿತ್ತು. ನಿಮ್ಮ ದನಿ ಬಂತಲ್ರಿ, ಕಾಕು... ಅಲ್ಲೇ ರಸ್ತೇದಾಗ ಕೈ ಮುಗದ್ನಿ.”

“ನಾ ನಿನ್ನ ಮಾತ ಕೇಳಲಿಲ್ಲೋ ತಮ್ಮಾ. ನನ್ನ ಕಿವಿ ಹೋಗಿ ಭಾಳ ದಿನಾ ಆತು.” ಅದನ್ನು ಹೇಳಿದ್ದೇ ತಡ, ಬೆನ್ನ ಮೇಲಿನ ಜೋಳದ ಚೀಲ ಇಳಿಸಿದಂತಾಯಿತು. “ಚಮಚಾ ಕೇಳ್ತು, ನಾ ಹೇಳಿದ್ನಿ.”

ಮುಂದಿನ ಸಭೆಯಲ್ಲಿ ಕ್ಯಾಂಪಿನ ಖೋಲಿ ತುಂಬಿ, ಕಿಟಕಿಯ ಹೊರಗೂ ಜನ ನಿಂತಿದ್ದರು. ತೊಡೆಗೆ ಪಟ್ಟಿ ಕಟ್ಟಿಸಿಕೊಂಡ ಸವಾರ ಆಸ್ಪತ್ರೆಯಿಂದಲೇ ಬೆಳಗಾವಿಯ ಸಿಹಿ ಕುಂದಾ ಕಳಿಸಿದ್ದ. ಕಲ್ಮೇಶ ಎದ್ದು ನಿಂತು, ಮೈಕಿಲ್ಲದೆ, ಉದ್ಯಮಬಾಗದ ಫೌಂಡ್ರಿಗಳಿಗೂ ಕೇಳುವಂತೆ ಗುಡುಗಿದ, “ಮೋರ್ಸ್ ಕಡ್ಡಾಯ ಇರಾಕಬೇಕ್ರಿ! ತಗೀಬೇಕ ಅಂದಾವ ನಾನ, ನನ್ನ ಮಾತ ವಾಪಸ್ ತಗೋತೀನಿ!”

ಚಪ್ಪಾಳೆಯೋ ಚಪ್ಪಾಳೆ. ಸುಂದರಾಬಾಯಿ ಗೆದ್ದರು ಎಂದು ಎಲ್ಲರೂ ತಿರುಗಿ ನೋಡಿದರು. ಅವರು ಲವಂಗದ ವಾಸನೆಯ ಮಷೀನನ್ನು ಎಲ್ಲರಿಗೂ ಕಾಣುವಂತೆ ಕಿವಿಗೆ ಸಿಕ್ಕಿಸಿಕೊಂಡು ಎದ್ದರು.

“ಕಡ್ಡಾಯ ಬ್ಯಾಡ,” ಎಂದರು.

ಕುಂದಾ ತಿನ್ನುತ್ತಿದ್ದವರ ಬಾಯಿ ಹಾಗೇ ನಿಂತವು.

“ಪರೀಕ್ಷಾ ಪಾಸಾದಾಕಿ ಪ್ರಾಚಿ, ಆಕಿಗೆ ಅದು ಲೂಜ್ ಕನೆಕ್ಷನ್ ಅನಸ್ತು. ಸಿಟ್ಟಾಗಬ್ಯಾಡವಾ, ಖರೇ ಹೇಳಾಕತ್ತೀನಿ. ಫೇಲಾದಾವ ಕಲ್ಮೇಶ, ಆಂವಾ ಒಂದ ಜೀವಾ ಉಳಿಸಿದಾ. ಎದ್ಯಾಗ ಮೋರ್ಸ್ ಇಟಗೊಂಡೀನಿ ಅಂತ ಮೆರದಾಡಿದಾಕಿ ನಾನು, ಬೀಗರನ್ನ ಉಪವಾಸ ಕಳಿಸಿದ್ನಿ. ಹಿಂಗಿದ್ದ ಮ್ಯಾಲ ಪರೀಕ್ಷಾ ಯಾರನ್ನ ಜರಡಿ ಹಿಡೀತು? ಕಾಯ್ದೆದಾಗಿಂದ ತಗದ ಬಿಡ್ರಿ. ನಾ ಕಡ್ಡಾಯ ಅಂದದ್ದು ದೇಶದ ಸಲುವಾಗಿ ಅಲ್ಲ. ನನ್ನ ಕೂಡ ಮಾತಾಡಾಕ ಯಾರೂ ಉಳಿಯೂದಿಲ್ಲ ಅಂತ ಹೆದರಿದ್ನಿ, ಅಷ್ಟ. ಈಗ ಹೆದರಿಕಿ ಇಲ್ಲ. ಕಲೀಬೇಕ ಅನ್ನಾವ್ರು ಭಾನುವಾರ ಖಾನಾಪುರಕ್ಕ ಬರ್ರಿ, ನಾ ಕಲಸತೀನಿ. ಸಾವಕಾಶ ಕಳಸಿದ್ರೂ ನಡೀತೈತಿ.”

ಮತ ಆಕೆ ಹೇಳಿದಂತೆಯೇ ಬಿತ್ತು. ದಿಲ್ಲಿಗೆ ಬರೆದದ್ದಾಯಿತು, ದಿಲ್ಲಿ ಓದುತ್ತದೋ ಬಿಡುತ್ತದೋ ದಿಲ್ಲಿಯ ಪಾಡು.

ಆದರೆ ಭಾನುವಾರದ ಖಾನಾಪುರ ಬಸ್ಸಿನಲ್ಲಿ ಸೀಟು ಸಿಗದ ಕಾಲ ಬಂತು. ಉತ್ತಮ ಅವರ ಮಾಳಿಗೆಯ ತುಂಬ ಜನ, ಒಬ್ಬೊಬ್ಬರ ಮುಂದೆ ಒಂದೊಂದು ತಾಟು, ಒಂದೊಂದು ಚಮಚ. ಸದ್ದಿಗೆ ಮಲಪ್ರಭೆಯ ಮೀನುಗಳೂ ಎರಡಕ್ಷರ ಕಲಿತವೆಂದು ಊರಲ್ಲಿ ಮಾತು. ಮೊದಲ ಸಾಲಿನಲ್ಲಿ ಪ್ರಾಚಿ, ಎಲ್ಲ ಮೊದಲಿಂದ ಕಲಿಯುತ್ತ. ಅವಳ ಪಕ್ಕದಲ್ಲಿ ಈಗ ಮೇಲಿನ ಲೈಸೆನ್ಸ್ ಪಡೆದ ಕಲ್ಮೇಶ.

ಒಂದು ಸಂಜೆ ಸೂರ್ಯ ಇಳಿಯುವ ಮುಂಚೆ ಸುಂದರಾಬಾಯಿ ಸವಟು ತೆಗೆದುಕೊಂಡು ಪೈಪಿನ ಕಡೆಗೆ ಹೊರಟಾಗ ಕಲ್ಮೇಶ ಎದುರಿಗೆ ಬಂದು ನಿಂತು, ಮುಖ ಕಾಣುವಂತೆ, ನಿಧಾನವಾಗಿ ಕೇಳಿದ: “ಅಲ್ರಿ ಕಾಕು, ನೀವ ಗೆದ್ದ ಆಟಾ ನೀವ ಬಿಟ್ಟಕೊಟ್ರಿ. ಕಾಯ್ದೆದಾಗ ಕಡ್ಡಾಯ ಇಲ್ಲಾಂದ್ರ, ನಾಳೆ ಈ ಮಂದಿ ಬರೂದು ಬಿಟ್ರಂದ್ರ ಏನ ಮಾಡತೀರಿ?”

ಸುಂದರಾಬಾಯಿ ಅವನ ಮಾತನ್ನು ಕೊನೆಯ ಅಕ್ಷರದವರೆಗೆ ಕೇಳಿದರು. ಆಮೇಲೆ ಪೈಪು ಬಡಿದರು. ಕೆಳಗೆ ಉತ್ತಮ ಅಂಗಡಿಯ ಬಾಗಿಲೆಳೆದ ಸದ್ದು, ಮೆಟ್ಟಿಲ ಮೇಲೆ ಹೆಜ್ಜೆ. ಮಾಳಿಗೆಯ ಮಂದಿಯೆಲ್ಲ ತಾಟು ಹಿಡಿದು ಅಡುಗೆಮನೆಯತ್ತ ನುಗ್ಗಿದರು.

“ನೋಡ್ಕೋ,” ಎಂದರು ಸುಂದರಾಬಾಯಿ. “ಊಟಾ ಮಾಡಬೇಕಂತ ಯಾ ಸರಕಾರ ಕಾಯ್ದೆ ಮಾಡೈತೋ?”